ಯಾರ ಹತ್ತಿರ ಯಾವ ಬೀಗದ ಕೈ?

ಪ್ರಶ್ನೆ: ನಾನು ಹನುಮಂತನಗರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಮೂರು ಶಾಖೆ, 19 ಜನ ಸಿಬ್ಬಂದಿ, ಒಂಬತ್ತು ಪಿಗ್ಮಿ ಏಜೆಂಟರು. ಹೊಸ ಸಾಫ್ಟ್‌ವೇರ್ ಹಾಕಿಸುತ್ತಿದ್ದೇವೆ. ಯಾರಿಗೆ ಯಾವ ರೈಟ್ಸ್ ಬೇಕು ಅಂತ ತುಂಬಿಕೊಡಲು ಸಾಫ್ಟ್‌ವೇರ್‌ನವರು ಒಂದು ಎಕ್ಸೆಲ್ ಶೀಟ್ ಕಳಿಸಿದ್ದಾರೆ. ಒಬ್ಬೊಬ್ಬರಿಗೂ 140 ಟಿಕ್! ಅಧ್ಯಕ್ಷರಿಗೆ ಎಲ್ಲವೂ ಇರಲಿ ಅಂತ ನಿರ್ದೇಶಕರು ಹೇಳುತ್ತಾರೆ. ರೈಟ್ಸ್ ಕಮ್ಮಿ ಮಾಡಿದರೆ ಕೌಂಟರ್ ನಿಂತೇ ಹೋಗುತ್ತದೆ ಅಂತ ಕ್ಯಾಷಿಯರ್. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, "ಚಿಕ್ಕಮ್ಮ, ಬೆಲ್–ಲಾಪಡುಲಾ ಮಾಡೆಲ್ ಹಾಕಿಸಿ, ಅದು ಮಿಲಿಟರಿಯವರದ್ದು" ಅನ್ನುತ್ತಾನೆ. ನಾನು ಯಾರ ಮಾತು ಕೇಳಲಿ?

ಉತ್ತರ: ಮೇಡಂ, ಮೊದಲು ಆ ಎಕ್ಸೆಲ್ ಶೀಟ್ ಮುಚ್ಚಿಡಿ. ಒಂದು ಬಿಳಿ ಹಾಳೆ ತಗೊಳ್ಳಿ. ನಿಮ್ಮ ಸಂಘದಲ್ಲಿ ಏನು ಆಗಲೇಬಾರದು ಅನ್ನುವುದನ್ನು ಅದರ ಮೇಲೆ ಬರೆಯಿರಿ. ಸುಮ್ನೆ ಮನೆಮಾತಿನಲ್ಲಿ ಬರೆದರೆ ಸಾಕು. "ಸಾಲದ ಎಂಟ್ರಿ ಮಾಡಿದವರೇ ಅದನ್ನು ಪಾಸ್ ಮಾಡಬಾರದು." "ನಿನ್ನೆ ಮುಗಿಸಿದ ಲೆಕ್ಕವನ್ನು ಇವತ್ತು ಯಾರೂ ತಿದ್ದಬಾರದು." "ಸದಸ್ಯರ ಠೇವಣಿ ಎಷ್ಟಿದೆ ಅಂತ ಅವರ ಬೀದಿಯ ಪಿಗ್ಮಿ ಏಜೆಂಟಿಗೆ ಗೊತ್ತಾಗಬಾರದು." ಹೀಗೆ ಹತ್ತು ಹನ್ನೆರಡು ಸಾಲು.

ಈ ಹಾಳೆಗೇ ನಮ್ಮ ಕಸುಬಿನಲ್ಲಿ ಪಾಲಿಸಿ ಅನ್ನುತ್ತೇವೆ. ಅದೇ ಮಾತನ್ನು ಎಲ್ಲೂ ಸಂದು ಬಿಡದ ಹಾಗೆ, ಲೆಕ್ಕ ಹಾಕಿ ಪರೀಕ್ಷಿಸಬಹುದಾದ ಹಾಗೆ ಕಟ್ಟಿಟ್ಟರೆ ಅದು ಮಾಡೆಲ್. ಟಿಕ್ ಬರುವುದು ಕೊನೆಗೆ. ನಾನು ನೋಡಿದ ಬಹಳಷ್ಟು ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಟಿಕ್ ಹಾಕಿಬಿಡುತ್ತಾರೆ. ಏನನ್ನು ಕಾಯುತ್ತಿದ್ದೇವೆ ಅನ್ನುವ ಯೋಚನೆ ಶುರುವಾಗುವುದು ದುಡ್ಡು ಹೋದ ಮೇಲೆ.

ನಿಮ್ಮ ಅಕ್ಕನ ಮಗ ಒಳ್ಳೆಯ ಮಾಡೆಲ್ಲನ್ನೇ ಹೇಳಿದ್ದಾನೆ. ಆದರೆ ಅದು ಕಾಯುವ ವಸ್ತು ಬೇರೆ. ಡೇವಿಡ್ ಬೆಲ್ ಮತ್ತು ಲೆನಾರ್ಡ್ ಲಾಪಡುಲಾ ಅದನ್ನು ಕಟ್ಟಿದ್ದು 1973ರಲ್ಲಿ, ಅಮೆರಿಕದ ಮೈಟರ್ ಸಂಸ್ಥೆಯಲ್ಲಿ. ಕೆಲಸ ಅಲ್ಲಿನ ವಾಯುಪಡೆಗೆ. ಆಗ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಅತಿ ಗುಟ್ಟಿನ ಕಾಗದ ನೋಡಬಹುದಾದ ಅಧಿಕಾರಿಯೂ, ನೋಡಬಾರದವರೂ ಅದೇ ಯಂತ್ರದ ಮೇಲೆ. ಅದಕ್ಕೆ ಅವರು ಇಟ್ಟ ಮುಖ್ಯ ನಿಯಮ ಎರಡು. ನಿನಗಿಂತ ಮೇಲಿನ ಹಂತದ್ದನ್ನು ಓದಬೇಡ. ನಿನಗಿಂತ ಕೆಳಗಿನ ಹಂತಕ್ಕೆ ಬರೆಯಬೇಡ.

ಮೊದಲನೆಯದು ಯಾರಿಗಾದರೂ ಹೊಳೆಯುತ್ತದೆ. ಎರಡನೆಯದರಲ್ಲಿ ಇದೆ ಜಾಣ್ಮೆ. ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಅವರು ಓಡಿಸುವ ಪ್ರೋಗ್ರಾಂ ಒಳ್ಳೆಯದೇ ಅಂತ ಹೇಗೆ ನಂಬುವುದು? ಅದು ಅವರ ಹೆಸರಿನಲ್ಲೇ ಗುಟ್ಟಿನ ಫೈಲ್ ತೆರೆದು, ಎಲ್ಲರೂ ಓದುವ ಕಡೆ ಒಂದು ನಕಲು ಇಟ್ಟುಬಿಡಬಹುದು. ಕೆಳಕ್ಕೆ ಬರೆಯಲೇ ಬಿಡದಿದ್ದರೆ ಆ ದಾರಿ ಮುಚ್ಚಿತು. ಮನುಷ್ಯರನ್ನು ನಂಬಿ, ಅವರು ಬಳಸುವ ಪ್ರೋಗ್ರಾಮನ್ನು ನಂಬದ ಈ ಯೋಚನೆ ಐವತ್ತು ವರ್ಷ ಕಳೆದರೂ ಹಳತಾಗಿಲ್ಲ.

ಆದರೆ ಇದೇ ಮಾಡೆಲ್ಲನ್ನು ನಿಮ್ಮ ಲೆಡ್ಜರ್ ಮೇಲೆ ಇಟ್ಟು ನೋಡಿ. ಕೆಳಗಿನವರು ಮೇಲಿನದ್ದನ್ನು ಓದಬಾರದು, ನಿಜ. ಬರೆಯಬಹುದಾ? ಮೂಲ ನಿಯಮದಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ! ಬರೆದರೆ ಗುಟ್ಟೇನೂ ಹೊರಗೆ ಬೀಳುವುದಿಲ್ಲವಲ್ಲ. ಸೈನ್ಯಕ್ಕೆ ಅದು ಸಾಕಾಗಿತ್ತು. ನಿಮಗೆ? ಒಬ್ಬ ಗುಮಾಸ್ತ ಅಧ್ಯಕ್ಷರ ಖಾತೆಯನ್ನು ನೋಡಲಾರ, ಆದರೆ ಅದರಲ್ಲಿನ ಅಂಕಿ ಬದಲಾಯಿಸಬಲ್ಲ ಅಂದರೆ ಸಂಘ ಎಷ್ಟು ದಿನ ನಡೆದೀತು? ಸದಸ್ಯರ ಗುಟ್ಟು ಕಾಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಮೊದಲು ಪಾಸ್‌ಬುಕ್ಕಿನ ಅಂಕಿ ಸರಿಯಾಗಿರಬೇಕು.

ಅಂಕಿ ಕೆಡದ ಹಾಗೆ ಕಾಯುವ ಮಾಡೆಲ್ಲುಗಳು ಬೇರೆ ಇವೆ. ಅದೇ ಮೈಟರ್‌ನಲ್ಲಿದ್ದ ಕೆನೆತ್ ಬೀಬಾ 1970ರ ದಶಕದಲ್ಲೇ ಬೆಲ್–ಲಾಪಡುಲಾವನ್ನು ತಿರುಗಿಸಿ ಹಾಕಿದರು. ನಂಬಿಕೆಗೆ ಕಡಿಮೆಯಾದದ್ದನ್ನು ಓದಿಕೊಂಡು ನೀನು ಕೆಡಬೇಡ, ನಿನಗಿಂತ ಹೆಚ್ಚು ನಂಬಿಕೆಯ ಜಾಗಕ್ಕೆ ನೀನು ಬರೆಯಬೇಡ. ಮಡಿ ಮಾಡಿದ ಹಾಗೆ. ಲೆಡ್ಜರ್ ಮಡಿಯಲ್ಲಿದೆ, ಹೊರಗಿನದು ಅದಕ್ಕೆ ತಾಗಬಾರದು. ಒಳ್ಳೆಯದೇ. ಆದರೆ ಪಿಗ್ಮಿ ಏಜೆಂಟ್ ಶ್ರೀನಗರದ ಅಂಗಡಿಗಳನ್ನು ಸುತ್ತಿ, ಸಂಜೆ ಮಷೀನ್ ತಂದು ನಿಮ್ಮ ಟೇಬಲ್ ಮೇಲೆ ಇಟ್ಟರೆ, ಆ ಅಂಕಿ ಹೊರಗಿನದೇ ಅಲ್ವಾ? ಬೀಬಾ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಅದು ಲೆಡ್ಜರ್‌ಗೆ ಬರುವುದೇ ಇಲ್ಲ.

ಈ ಕಗ್ಗಂಟು ಬಿಡಿಸಿದ್ದು 1987ರ ಒಂದು ಪ್ರಬಂಧ. ಬರೆದವರು ಡೇವಿಡ್ ಕ್ಲಾರ್ಕ್ ಮತ್ತು ಡೇವಿಡ್ ವಿಲ್ಸನ್. ಕ್ಲಾರ್ಕ್ ಕಂಪ್ಯೂಟರ್ ವಿಜ್ಞಾನಿ, ವಿಲ್ಸನ್ ಲೆಕ್ಕಪರಿಶೋಧನೆಯ ಸಂಸ್ಥೆಯೊಂದರವರು. ಸೈನ್ಯದ ಚಿಂತೆ ಬೇರೆ, ವ್ಯಾಪಾರದ ಚಿಂತೆ ಬೇರೆ ಅಂತ ಅವರು ನೇರವಾಗಿ ಹೇಳಿದರು. ವ್ಯಾಪಾರದವರು ನೂರಾರು ವರ್ಷಗಳಿಂದ ಮೋಸ ಮತ್ತು ತಪ್ಪು ತಡೆಯಲು ಬಳಸುತ್ತಿರುವ ಎರಡು ಉಪಾಯಗಳನ್ನು ಎತ್ತಿಕೊಂಡರು. ಒಂದು, ಜಮಾ–ಖರ್ಚು ಎರಡೂ ಕಡೆ ಬರೆಯುವ ಪದ್ಧತಿ. ಇನ್ನೊಂದು, ಒಂದು ಕೆಲಸವನ್ನು ಇಬ್ಬರಿಗೆ ಹಂಚುವುದು. ಮೇಡಂ, ನಿಮಗೆ ಬೇಕಾದ ಮಾಡೆಲ್ ಇದು. ನಿಮಗೆ ಇದು ಹೊಸದೂ ಅಲ್ಲ.

ನಿಮ್ಮ ಒಡವೆ ಸಾಲದ ತಿಜೋರಿಯನ್ನೇ ನೋಡಿ. ಎರಡು ಬೀಗ. ಒಂದರ ಬೀಗದ ಕೈ ಮ್ಯಾನೇಜರ್ ಹತ್ತಿರ, ಇನ್ನೊಂದರದ್ದು ಕ್ಯಾಷಿಯರ್ ಹತ್ತಿರ. ಸಾಲ ತೀರಿಸಿದ ಅಜ್ಜಿಯೊಬ್ಬರು ಬಳೆ ಬಿಡಿಸಿಕೊಳ್ಳಲು ಬಂದರೆ ಇಬ್ಬರೂ ಎದ್ದು ಒಳಗೆ ಹೋಗಬೇಕು. ಒಡವೆಯ ಚೀಲ ಹೊರಗೆ ಬರುತ್ತದೆ. ಮುದ್ರೆ ಒಡೆದಿಲ್ಲ ಅಂತ ಅಜ್ಜಿಗೆ ತೋರಿಸುತ್ತಾರೆ. ಚೀಟಿಯಲ್ಲಿರುವ ತೂಕವನ್ನು ತಕ್ಕಡಿಯ ತೂಕಕ್ಕೆ ತಾಳೆ ನೋಡುತ್ತಾರೆ. ರಿಜಿಸ್ಟರ್‌ನಲ್ಲಿ ಇಬ್ಬರದೂ ಸಹಿ, ಅಜ್ಜಿಯದೂ ಸಹಿ. ಮ್ಯಾನೇಜರ್ ಎಷ್ಟೇ ಹಳಬರಾದರೂ "ನನ್ನೊಬ್ಬನ ಹತ್ತಿರವೇ ಎರಡೂ ಬೀಗದ ಕೈ ಇರಲಿ" ಅನ್ನುವುದಿಲ್ಲ. ಅಂದರೂ ನೀವು ಒಪ್ಪುವುದಿಲ್ಲ.

ಈಗ ಅದೇ ಅಜ್ಜಿಯ ಠೇವಣಿ ಕಂಪ್ಯೂಟರ್‌ನಲ್ಲಿ ಹೇಗಿದೆ? ಒಂದು ಲಾಗಿನ್, ಒಂದು ಪಾಸ್‌ವರ್ಡ್. ಬಳೆಗೆ ಎರಡು ಬೀಗ ಹಾಕಿದವರು ಠೇವಣಿಗೆ ಒಂದೇ ಹಾಕಿದ್ದಾರೆ. ಆ ತಿಜೋರಿಯ ಶಿಸ್ತನ್ನು ಸಾಫ್ಟ್‌ವೇರ್ ಒಳಗೆ ತರಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ಮುಕ್ಕಾಲು ಪಾಲು ಇಷ್ಟೇ.

ಕ್ಲಾರ್ಕ್–ವಿಲ್ಸನ್ ಹೇಳುವುದನ್ನು ನಿಮ್ಮ ಕೌಂಟರಿನ ಮಾತಿನಲ್ಲಿ ಹೇಳುತ್ತೇನೆ. ಖಾತೆಯ ಬಾಕಿಯನ್ನು ಯಾರೂ ಕೈಯಿಂದ ತಿದ್ದುವ ಹಾಗಿಲ್ಲ. ಅಧ್ಯಕ್ಷರೂ ಇಲ್ಲ, ನೀವೂ ಇಲ್ಲ, ಸಾಫ್ಟ್‌ವೇರ್‌ನವರೂ ಇಲ್ಲ. ಅದು ಬದಲಾಗುವುದು ಗೊತ್ತುಮಾಡಿದ ವ್ಯವಹಾರದ ಮೂಲಕ ಮಾತ್ರ. ಜಮಾ, ಪಾವತಿ, ವರ್ಗಾವಣೆ, ಬಡ್ಡಿ ಹಾಕುವುದು, ಹೀಗೆ. ಪ್ರತಿ ವ್ಯವಹಾರವೂ ಎರಡು ಕಡೆ ಅಂಕಿ ಸರಿದೂಗಿಸಿಯೇ ಮುಗಿಯಬೇಕು. ಯಾವ ವ್ಯಕ್ತಿ, ಯಾವ ವ್ಯವಹಾರವನ್ನು, ಯಾವ ಖಾತೆಗಳ ಮೇಲೆ ಮಾಡಬಹುದು ಅಂತ ಮೂರನ್ನೂ ಜೊತೆಗಟ್ಟಿ ಬರೆದಿಡಬೇಕು. ಬರೀ "ಇವರಿಗೆ ಲೆಡ್ಜರ್ ರೈಟ್ಸ್" ಅಂದರೆ ಸಾಲದು.

ಹೊರಗಿನಿಂದ ಬಂದ ಅಂಕಿಗೂ ಇದರಲ್ಲಿ ಜಾಗ ಇದೆ. ಪಿಗ್ಮಿ ಮಷೀನಿನ ಅಂಕಿ ಮೊದಲು ಹೊರಗಿನ ಜಗುಲಿಯಲ್ಲಿ ಕೂತಿರುತ್ತದೆ. ಒಂದು ವ್ಯವಹಾರ ಅದನ್ನು ಪರೀಕ್ಷಿಸುತ್ತದೆ. ಖಾತೆ ಸಂಖ್ಯೆ ಸರಿಯೇ, ಏಜೆಂಟ್ ಕಟ್ಟಿದ ನಗದಿಗೂ ಮಷೀನಿನ ಮೊತ್ತಕ್ಕೂ ತಾಳೆ ಇದೆಯೇ ಅಂತ ನೋಡುತ್ತದೆ. ಸರಿ ಇದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್. ನಡುವೆ ಇನ್ನೊಂದು ದಾರಿ ಇರಬಾರದು. ಸಂಜೆ ಕ್ಯಾಷ್ ಟ್ಯಾಲಿ ಮಾಡಿ, ಟ್ರಯಲ್ ಬ್ಯಾಲೆನ್ಸ್ ತೆಗೆಯುತ್ತೀರಲ್ಲ, ಅದಕ್ಕೂ ಈ ಮಾಡೆಲ್‌ನಲ್ಲಿ ಸ್ಥಾನ ಇದೆ. ಒಳಗಿರುವುದು ಇನ್ನೂ ಕೆಟ್ಟಿಲ್ಲ ಅಂತ ಆಗಾಗ ಖಾತ್ರಿ ಮಾಡಿಕೊಳ್ಳುವ ಪರೀಕ್ಷೆ ಅದು.

ಇನ್ನೊಂದು ನಿಯಮವನ್ನು ಜನ ಮರೆತುಬಿಡುತ್ತಾರೆ. ಯಾರಿಗೆ ಯಾವ ಹಕ್ಕು ಅಂತ ನಿಗದಿ ಮಾಡುವವರು ಆ ಹಕ್ಕನ್ನು ತಾವೇ ಬಳಸುವ ಹಾಗಿರಬಾರದು. ಅಂದರೆ, ಬಳಕೆದಾರರನ್ನು ಸೇರಿಸುವ ಅಡ್ಮಿನ್ ಲಾಗಿನ್‌ನಿಂದ ಒಂದು ರೂಪಾಯಿಯ ವೋಚರ್ ಕೂಡ ಹಾಕಲು ಆಗಬಾರದು. ಸಾಫ್ಟ್‌ವೇರ್‌ನವರನ್ನು ಇದನ್ನೇ ಮೊದಲು ಕೇಳಿ.

ಅಧ್ಯಕ್ಷರ ವಿಷಯಕ್ಕೆ ಬರೋಣ. ಅವರಿಗೆ ಎಲ್ಲವನ್ನೂ ನೋಡುವ ಹಕ್ಕು ಕೊಡಿ. ಬರೆಯುವ ಹಕ್ಕು ಬೇಡ. ಸಾಲ ಮಂಜೂರಾಗುವುದು ಮಂಡಳಿಯ ಠರಾವಿನಿಂದ. ಅಧ್ಯಕ್ಷರು ಕೌಂಟರಿನಲ್ಲಿ ಕೂತು ಎಂಟ್ರಿ ಮಾಡುವುದಿಲ್ಲ. ಒಂದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಅನ್ನುವ ಈ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಅಧ್ಯಕ್ಷರಿಗೆ ಹೇಳುವಾಗ ಈ ಹೆಸರೆಲ್ಲ ಬೇಕಿಲ್ಲ. "ಸರ್, ನಾಳೆ ಲೆಕ್ಕದಲ್ಲಿ ಏನೋ ಹೆಚ್ಚುಕಮ್ಮಿ ಆಯಿತು ಅಂದುಕೊಳ್ಳಿ. ನಿಮ್ಮ ಲಾಗಿನ್‌ನಿಂದ ಬರೆಯಲು ಸಾಧ್ಯವೇ ಇರಲಿಲ್ಲ ಅಂತಾದರೆ ನಿಮ್ಮ ಮೇಲೆ ಯಾರೂ ಬೆರಳು ತೋರಿಸಲು ಆಗುವುದಿಲ್ಲ" ಅನ್ನಿ. ಇದು ನಿಜವೂ ಹೌದು. ಹೀಗೆ ಹೇಳಿದಾಗ ಬೇಡ ಅಂದ ಅಧ್ಯಕ್ಷರನ್ನು ನಾನು ಇನ್ನೂ ನೋಡಿಲ್ಲ.

ಈಗ ಆ ಟಿಕ್‌ಗಳು. 19 ಜನಕ್ಕೆ 140 ಅಂದರೆ 2,660 ಮನೆ. ಇಷ್ಟನ್ನು ಯಾರೂ ಗಮನವಿಟ್ಟು ತುಂಬಲಾರರು. ನೂರು ದಾಟಿದ ಮೇಲೆ ಕೈ ತಾನಾಗಿ ಟಿಕ್ ಹಾಕುತ್ತಾ ಹೋಗುತ್ತದೆ. ಅದಕ್ಕೆ ಹಕ್ಕನ್ನು ಮನುಷ್ಯರಿಗೆ ಕೊಡಬೇಡಿ, ಹುದ್ದೆಗೆ ಕೊಡಿ. ಕ್ಯಾಷಿಯರ್, ಗುಮಾಸ್ತ, ಶಾಖಾ ಮ್ಯಾನೇಜರ್, ಒಡವೆ ಪರೀಕ್ಷಿಸುವ ಅಪ್ರೈಸರ್, ಪಿಗ್ಮಿ ಏಜೆಂಟ್, ಆಡಿಟರ್, ಅಡ್ಮಿನ್. ಇಂಥ ಏಳೆಂಟು ಹುದ್ದೆಗೆ ಒಂದು ಸಲ ಕೂತು ಯೋಚಿಸಿ ಬರೆಯಿರಿ. ಆಮೇಲೆ ಯಾರು ಯಾವ ಹುದ್ದೆ ಅಂತ ಸೇರಿಸಿದರಾಯಿತು. ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ರೂಪ ಕೊಟ್ಟರು. ಇವತ್ತು ಆರ್‌ಬ್ಯಾಕ್ ಅಂತ ಎಲ್ಲ ಕಡೆ ಕೇಳಿಬರುವುದು ಇದೇ. ನಿಮ್ಮ ಸಾಫ್ಟ್‌ವೇರ್‌ನಲ್ಲೂ ಖಂಡಿತ ಇರಬೇಕು. ಇಲ್ಲ ಅಂದರೆ ಬೇರೆ ಸಾಫ್ಟ್‌ವೇರ್ ನೋಡಿ.

ಹುದ್ದೆ ಬದಲಾದಾಗ ಹಳೆಯದನ್ನು ಕಿತ್ತುಹಾಕಿ. ಕ್ಯಾಷಿಯರ್ ಆಗಿದ್ದವರು ಸಾಲದ ವಿಭಾಗಕ್ಕೆ ಹೋಗುತ್ತಾರೆ. ಹೊಸ ಹುದ್ದೆ ಸೇರುತ್ತದೆ, ಹಳೆಯದು ಉಳಿದುಬಿಡುತ್ತದೆ. ಐದು ವರ್ಷ ಕಳೆದರೆ ನಿಮ್ಮ ಅತಿ ಹಳೆಯ, ಅತಿ ನಂಬಿಕೆಯ ಸಿಬ್ಬಂದಿ ಹತ್ತಿರ ಎಲ್ಲ ಬೀಗದ ಕೈಗಳೂ ಇರುತ್ತವೆ. ಯಾರೂ ಬೇಕಂತ ಕೊಟ್ಟಿರುವುದಿಲ್ಲ.

ನಿಮ್ಮ ಕ್ಯಾಷಿಯರ್ ಮಾತನ್ನು ತಳ್ಳಿಹಾಕಬೇಡಿ. ಅವರು ಕೆಲಸದ ಕಷ್ಟ ಹೇಳುತ್ತಿದ್ದಾರೆ. ನಾಲ್ಕೇ ಜನ ಇರುವ ಶಾಖೆ. ಶ್ರಾವಣದ ಗುರುವಾರ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಬ್ಬರು ರಜಾ. ಒಡವೆ ಬಿಡಿಸಿಕೊಳ್ಳುವವರ ಸಾಲು ಬಾಗಿಲವರೆಗೆ. ಮ್ಯಾನೇಜರ್ ಮೇಲಿನ ಬ್ಯಾಂಕಿಗೆ ಹೋಗಿದ್ದಾರೆ. ಆಗ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ಸರ್, ಪಾಸ್‌ವರ್ಡ್ ಹೇಳಿ" ಅಂತ ಫೋನ್. ಅವರು ಬಸ್ಸಿನಲ್ಲೇ ಜೋರಾಗಿ ಹೇಳುತ್ತಾರೆ. ಅದು ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದು ಉಳಿಯುತ್ತದೆ. ಆ ಕ್ಷಣಕ್ಕೆ ನಿಮ್ಮ ಎಲ್ಲ ಮಾಡೆಲ್ಲೂ ಮುಗಿಯಿತು. ಆಮೇಲೆ ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆಯಲ್ಲಿ, ಮ್ಯಾನೇಜರ್ ಹೆಸರಿದ್ದರೆ ಅದಕ್ಕೆ ಅರ್ಥವೇ ಇಲ್ಲ.

ಇದಕ್ಕೆ ದಾರಿ ಇದೆ. ಹುದ್ದೆಗಳನ್ನು ಎರಡು ಬಗೆಯಲ್ಲಿ ಬೇರ್ಪಡಿಸಬಹುದು. ಒಂದು ಬಿಗಿಯಾದದ್ದು: ಎಂಟ್ರಿ ಮಾಡುವ ಹುದ್ದೆಯವರಿಗೆ ಪಾಸ್ ಮಾಡುವ ಹುದ್ದೆ ಎಂದಿಗೂ ಇಲ್ಲ. ದೊಡ್ಡ ಬ್ಯಾಂಕಿಗೆ ಅದು ಸರಿ. ಇನ್ನೊಂದರಲ್ಲಿ ಒಬ್ಬರಿಗೇ ಎರಡೂ ಹುದ್ದೆ ಇರಬಹುದು, ಆದರೆ ಈ ವೋಚರ್ ಮಾಡಿದವರು ಈ ವೋಚರನ್ನು ಪಾಸ್ ಮಾಡುವಂತಿಲ್ಲ. ನಿಮ್ಮಂಥ ಚಿಕ್ಕ ಶಾಖೆಗೆ ಇದೇ ಆಗಬೇಕು. ಇಬ್ಬರೇ ಇದ್ದರೂ ಒಬ್ಬರದ್ದನ್ನು ಇನ್ನೊಬ್ಬರು ಪಾಸ್ ಮಾಡುತ್ತಾರೆ, ಸಾಲು ಕರಗುತ್ತದೆ. ಜೊತೆಗೆ ಮ್ಯಾನೇಜರ್ ತಮ್ಮ ಫೋನಿನಿಂದಲೇ ಇನ್ನೊಬ್ಬರಿಗೆ ಒಂದು ದಿನದ ಮಟ್ಟಿಗೆ, ಇಂತಿಷ್ಟು ಮೊತ್ತದವರೆಗೆ ಹಕ್ಕು ವಹಿಸಿಕೊಡುವ ವ್ಯವಸ್ಥೆ ಇರಲಿ. ಸಂಜೆ ಅದು ತಾನಾಗಿ ವಾಪಸ್ ಹೋಗಬೇಕು. ಭದ್ರತೆಯ ದಾರಿ ಸುಲಭವಾಗಿರದಿದ್ದರೆ ಜನ ಕಳ್ಳದಾರಿ ಹಿಡಿಯುತ್ತಾರೆ. ಅದು ಅವರ ಕೆಟ್ಟತನ ಅಲ್ಲ, ಎದುರಿಗೆ ನಿಂತ ಅಜ್ಜಿಯ ಮೇಲಿನ ಕಾಳಜಿ.

ಆದರೆ ಹಕ್ಕು ವಹಿಸಿಕೊಡುವ ಹಕ್ಕನ್ನು ತುಂಬಾ ಜನಕ್ಕೆ ಕೊಡಬೇಡಿ. ಇದಕ್ಕೆ ಒಂದು ಗಟ್ಟಿ ಕಾರಣ ಇದೆ. 1976ರಲ್ಲಿ ಹ್ಯಾರಿಸನ್, ರುಜ್ಜೊ, ಉಲ್ಮನ್ ಎಂಬ ಮೂವರು ಒಂದು ಪ್ರಮೇಯ ಸಾಧಿಸಿದರು. ಜನ ಒಬ್ಬರಿಗೊಬ್ಬರು ಹಕ್ಕು ದಾಟಿಸುತ್ತಾ, ಹೊಸ ಬಳಕೆದಾರರನ್ನೂ ಹೊಸ ಫೈಲನ್ನೂ ಸೇರಿಸುತ್ತಾ ಹೋಗಬಹುದಾದ ವ್ಯವಸ್ಥೆ ಇದೆ ಅಂದುಕೊಳ್ಳಿ. ಒಂದು ಹಕ್ಕು ಮುಂದೆ ಯಾವತ್ತಾದರೂ ಬೇಡದವರ ಕೈ ಸೇರೀತೇ ಅಂತ ಅಂಥ ಎಲ್ಲ ವ್ಯವಸ್ಥೆಗೂ ಉತ್ತರ ಹೇಳುವ ಒಂದೇ ವಿಧಾನ ಇರಲು ಸಾಧ್ಯವಿಲ್ಲ. ಕಂಪ್ಯೂಟರ್ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಹಾಗಾಗಿ ಕೊಡುವ ಕೈಗಳನ್ನೇ ಎಣಿಸಿ ಇಡಬೇಕು. ನಿಮ್ಮಲ್ಲಿ ಮೂವರು ಶಾಖಾ ಮ್ಯಾನೇಜರ್ ಮತ್ತು ನೀವು. ಅವರಿಂದ ಪಡೆದವರು ಮತ್ತೊಬ್ಬರಿಗೆ ದಾಟಿಸುವಂತಿಲ್ಲ.

ಇದನ್ನು ನಾನು ಓದಿ ಮಾತ್ರ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸತು, ಇಲ್ಲೇ ಬೆಂಗಳೂರಿನ ಒಂದು ಕಂಪನಿಯಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ತಿಂಗಳ ಕೊನೆ, ರಾತ್ರಿ ಎಂಟು ಗಂಟೆ. ಸಂಬಳದ ಫೈಲ್ ತೆರೆಯುತ್ತಿಲ್ಲ ಅಂತ ಅಕೌಂಟ್ಸ್‌ನಿಂದ ಫೋನ್. ಲಿನಕ್ಸ್‌ನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮೂರೂ ಕೂಡಿದರೆ 7. ಒಂದು 7 ಒಡೆಯನಿಗೆ, ಒಂದು ಗುಂಪಿಗೆ, ಒಂದು ಉಳಿದ ಎಲ್ಲರಿಗೆ. ಯಾವ ಹಕ್ಕು ತಪ್ಪಿದೆ ಅಂತ ಹುಡುಕುವ ತಾಳ್ಮೆ ಇರಲಿಲ್ಲ. ಇಡೀ ಫೋಲ್ಡರ್‌ಗೆ 777 ಕೊಟ್ಟು, ನಾಳೆ ಸರಿ ಮಾಡೋಣ ಅಂತ ಮನೆಗೆ ಹೋದೆ. ಆ ನಾಳೆ ನಾಲ್ಕು ತಿಂಗಳು ಬರಲಿಲ್ಲ. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಟೇಬಲ್ ಹತ್ತಿರ ಬಂದು ನಿಂತಳು. "ಸರ್, ನನ್ನ ಸಂಬಳ ಎಷ್ಟು ಅಂತ ಪಕ್ಕದವರಿಗೆ ಹೇಗೆ ಗೊತ್ತಾಯಿತು?" ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಸಾಫ್ಟ್‌ವೇರ್ ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಸಾಫ್ಟ್‌ವೇರ್‌ನವರ ಎದುರಿಗೇ ಮಾಡಿ. ಗುಮಾಸ್ತರ ಲಾಗಿನ್‌ನಲ್ಲಿ ನಿಮ್ಮ ಶಾಖೆಯ ಒಂದು ಖಾತೆಯ ಸ್ಟೇಟ್‌ಮೆಂಟ್ ತೆರೆಯಿರಿ. ಬ್ರೌಸರ್‌ನ ವಿಳಾಸದ ಸಾಲಿನಲ್ಲಿ ಖಾತೆ ಸಂಖ್ಯೆ ಕಾಣುತ್ತಿದ್ದರೆ, ಅದನ್ನು ಅಳಿಸಿ ಬೇರೆ ಶಾಖೆಯ ಸಂಖ್ಯೆ ಹಾಕಿ ಎಂಟರ್ ಒತ್ತಿ. ಆ ಸ್ಟೇಟ್‌ಮೆಂಟ್ ತೆರೆದುಕೊಂಡರೆ ಅಲ್ಲಿಗೇ ನಿಲ್ಲಿಸಿ. ಅಂದರೆ ಅವರು ಮೆನುವಿನಿಂದ ಬಟನ್ ಮರೆಮಾಡಿದ್ದಾರೆ ಅಷ್ಟೇ, ಬಾಗಿಲಿಗೆ ಬೀಗ ಹಾಕಿಲ್ಲ. ಕೇಳಿದ ಪ್ರತಿ ಸಲವೂ, ಪ್ರತಿ ಖಾತೆಗೂ, ಸರ್ವರ್ ತಾನೇ ನಿಂತು ಹಕ್ಕು ನೋಡಬೇಕು. ಇದು ಅಪರೂಪದ ತಪ್ಪಲ್ಲ. ವೆಬ್ ಅಪ್ಲಿಕೇಷನ್‌ಗಳ ಅಪಾಯಗಳನ್ನು ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆ 2021ರ ಪಟ್ಟಿಯಲ್ಲಿ ಈ ಬಗೆಯ ತಪ್ಪುಗಳನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತು.

ರಾತ್ರಿ ತಾನಾಗಿ ಓಡುವ ಪ್ರೋಗ್ರಾಂಗಳನ್ನೂ ಕೇಳಿ. ಬಡ್ಡಿ ಹಾಕುವುದು, ಎಸ್‌ಎಂಎಸ್ ಕಳಿಸುವುದು. ಅವುಗಳಿಗೆ ಇಡೀ ಡೇಟಾಬೇಸ್ ಹಕ್ಕು ಕೊಟ್ಟಿರುತ್ತಾರೆ. ನಾರ್ಮ್ ಹಾರ್ಡಿ 1988ರಲ್ಲಿ ಒಂದು ನಿಜ ಘಟನೆ ಬರೆದರು. ಒಂದು ಕಂಪೈಲರ್‌ಗೆ, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂಗೆ, ತನ್ನ ಫೋಲ್ಡರ್‌ನಲ್ಲಿ ಬರೆಯುವ ಹಕ್ಕಿತ್ತು. ಬಿಲ್ಲಿನ ಫೈಲೂ ಅಲ್ಲೇ ಇತ್ತು. ಒಬ್ಬ ಬಳಕೆದಾರ ತನ್ನ ಔಟ್‌ಪುಟ್ ಫೈಲಿಗೆ ಆ ಬಿಲ್ಲಿನ ಫೈಲಿನ ಹೆಸರನ್ನೇ ಕೊಟ್ಟ. ಅವನಿಗೆ ಆ ಹಕ್ಕಿರಲಿಲ್ಲ, ಕಂಪೈಲರ್‌ಗೆ ಇತ್ತು. ಬಿಲ್ಲಿನ ಮಾಹಿತಿ ಹೋಯಿತು. ಎಸ್‌ಎಂಎಸ್ ಪ್ರೋಗ್ರಾಂಗೆ ಬೇಕಿರುವುದು ಫೋನ್ ನಂಬರ್ ಮತ್ತು ಕಳಿಸುವ ಮಾತು. ಅಷ್ಟೇ ಓದಲು ಬಿಡಿ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್–ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಡಬೇಕು, ಭದ್ರತೆಗೆ ಧಕ್ಕೆಯಾದದ್ದು ಗಮನಕ್ಕೆ ಬಂದರೆ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ರಕ್ಷಣೆ ಇಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಲಾಗ್ ಅಳಿಸುವ ಹಕ್ಕು ನಿಮ್ಮ ಅಡ್ಮಿನ್‌ಗೂ ಇರಬಾರದು. ಆಡಿಟರ್ ಅದನ್ನು ಓದುವ ಹಾಗಿರಬೇಕು.

ಕೊನೆಗೆ ನಿಮ್ಮ ಅಕ್ಕನ ಮಗನಿಗೆ ಒಂದು ಕೆಲಸ ಕೊಡಿ, ಹುಡುಗನಿಗೆ ಆಸಕ್ತಿ ಇದೆ. ಬಟ್ಲರ್ ಲ್ಯಾಂಪ್ಸನ್ 1971ರಲ್ಲಿ ಹೇಳಿದ ಕೋಷ್ಟಕ ಅವನಿಗೆ ಗೊತ್ತಿರುತ್ತದೆ. ಒಂದು ಕಡೆ ಬಳಸುವವರು, ಇನ್ನೊಂದು ಕಡೆ ಬಳಕೆಯಾಗುವ ವಸ್ತು, ನಡುವಿನ ಮನೆಗಳಲ್ಲಿ ಹಕ್ಕು. ನಿಮ್ಮ ಏಳೆಂಟು ಹುದ್ದೆ ಮತ್ತು ವ್ಯವಹಾರಗಳನ್ನು ಇಟ್ಟುಕೊಂಡು ಅವನು ಅದನ್ನು ಬರೆಯಲಿ. ಎಲ್ಲ ಮನೆಗಳೂ ಖಾಲಿ ಇರುವಲ್ಲಿಂದ ಶುರು ಮಾಡಲಿ. ಒಂದೊಂದು ಟಿಕ್ ಹಾಕುವಾಗಲೂ ನಿಮ್ಮ ಬಿಳಿ ಹಾಳೆಯ ಹನ್ನೆರಡು ಸಾಲಿನಲ್ಲಿ ಯಾವುದಾದರೂ ಮುರಿಯುತ್ತದೆಯೇ ಅಂತ ನೋಡಲಿ. ಆ ಕೋಷ್ಟಕವನ್ನು ಮುಂದಿನ ಮಂಡಳಿ ಸಭೆಯಲ್ಲಿ ಇಟ್ಟು, ಠರಾವು ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ. ಆಮೇಲೆ ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿ.